ಮೊದಲ ತುತ್ತು ನೀರಿಗೆ

ಪ್ರತಿ ಮಳೆಗಾಲದಲ್ಲೂ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದೇ ಬಗೆಯ ಚಿತ್ರ ಬರುತ್ತದೆ. ಕೆರೆ ಏರಿಯ ಕೆಳಗೆ ನಾಲ್ಕಾರು ಗಣ್ಯರು ಸಾಲಾಗಿ ನಿಂತು, ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದ ಬಾಯಿ ಬಿಚ್ಚಿ ನೀರಿಗೆ ಬಗ್ಗಿಸುತ್ತಿರುತ್ತಾರೆ. ಇಂತಿಷ್ಟು ಲಕ್ಷ ಮೀನುಮರಿ ಬಿಡಲಾಯಿತು ಎಂಬ ಅಡಿಬರಹ ಕೆಳಗೆ. ಲಕ್ಷದ ಲೆಕ್ಕ ಇರುತ್ತದೆ, ಉದ್ದದ ಲೆಕ್ಕ ಇರುವುದಿಲ್ಲ. ಬಿಟ್ಟ ಮರಿ ಒಂದು ಅಂಗುಲದ್ದೋ ನಾಲ್ಕು ಅಂಗುಲದ್ದೋ ಎಂದು ಯಾರೂ ಬರೆಯುವುದಿಲ್ಲ, ಓದುವವರೂ ಕೇಳುವುದಿಲ್ಲ. ಕೆರೆಯಿಂದ ಮುಂದಿನ ಬೇಸಿಗೆಗೆ ಎಷ್ಟು ಮೀನು ಮೇಲೆ ಬರುತ್ತದೆ ಎಂಬುದು ಮಾತ್ರ ಬಹುಪಾಲು ಆ ಕೇಳದೇ ಉಳಿದ ಪ್ರಶ್ನೆಯ ಮೇಲೆಯೇ ನಿಂತಿದೆ. ಒಂದು ಅಂಗುಲದ ಮರಿ ಕೆರೆಗೆ ಬಿದ್ದ ಕ್ಷಣದಿಂದ ಕೊರವ, ಚೇಳುಮೀನು, ನೀರುಕಾಗೆ, ಬೆಳ್ಳಕ್ಕಿ, ಮಿಂಚುಳ್ಳಿ ಎಲ್ಲಕ್ಕೂ ಆಹಾರ. ನಾಲ್ಕು ಅಂಗುಲದ್ದಾದರೆ ಅದನ್ನು ನುಂಗುವ ಬಾಯಿಗಳು ಕಡಿಮೆ, ತಪ್ಪಿಸಿಕೊಳ್ಳುವ ಕಸುವೂ ಹೆಚ್ಚು. ಈ ಅಂತರದ ಮೂರು ಅಂಗುಲವನ್ನು ದಾಟಿಸುವುದು ಕೆರೆಯ ಕೆಲಸವಲ್ಲ, ಚಿಕ್ಕ ಮಣ್ಣಿನ ಕೊಳದ ಕೆಲಸ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲೂಕುಗಳಲ್ಲಿ ಮೀನು ಸಾಕಣೆಯ ಬಗ್ಗೆ ಮಾತಾಡುವಾಗ ದುಡ್ಡು, ಗಮನ, ಮೇವು ಮೂರೂ ಮೊದಲು ಸಲ್ಲಬೇಕಾದದ್ದು ಆ ಚಿಕ್ಕ ಕೊಳಕ್ಕೆ ಎಂಬುದು ಈ ಬರಹದ ವಾದ. ಅಲ್ಲಿಯೂ ಮೊದಲ ತುತ್ತು ಮರಿಗಲ್ಲ, ನೀರಿಗೆ.

ಈ ನಾಲ್ಕು ತಾಲೂಕುಗಳು ಒಂದೇ ಜಿಲ್ಲೆಯಲ್ಲಿದ್ದರೂ ನೀರಿನ ವಿಷಯದಲ್ಲಿ ಒಂದೇ ಮನೆಯವಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದವು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾದದ್ದು. ಚನ್ನಗಿರಿಗೆ ಭದ್ರಾ ನಾಲೆಯಿದೆ, ಜನ ಇಂದಿಗೂ ಸೂಳೆಕೆರೆ ಎಂದೇ ಕರೆಯುವ ಶಾಂತಿಸಾಗರವಿದೆ. ಸುಮಾರು 6,500 ಎಕರೆ ಹರಹಿನ ಆ ಕೆರೆಯ ಮುಂದೆ ನಮ್ಮ ಹೊಂಡಗಳೆಲ್ಲ ಬೊಗಸೆ ನೀರು. ಹೊನ್ನಾಳಿಯ ಮಗ್ಗುಲಲ್ಲೇ ತುಂಗಭದ್ರೆ ಹರಿಯುತ್ತಾಳೆ. ನ್ಯಾಮತಿಯದು ಅರೆ ಮಲೆನಾಡಿನ ಸೆರಗು, ಸವಳಂಗದ ಕಡೆ ಮಳೆಯೂ ಕೆರೆಯೂ ಉಂಟು. ಜಗಳೂರಿನ ಕಥೆಯೇ ಬೇರೆ. ಜಿಲ್ಲೆಯಲ್ಲೇ ಕಡಿಮೆ ಮಳೆಯ ನೆಲ ಅದು. ಅಲ್ಲಿನ ಕೆರೆಗಳು ಹಿಂಗಾರಿನ ಮಳೆ ಕೈಹಿಡಿದರೆ ಅಕ್ಟೋಬರಿಗೆ ತುಂಬುತ್ತವೆ, ಯುಗಾದಿ ಕಳೆಯುವುದರೊಳಗೆ ತಳ ಕಾಣುತ್ತವೆ. ಹರಿಹರ ತಾಲೂಕಿನ ದೀಟೂರಿನ ಬಳಿ ತುಂಗಭದ್ರೆಯ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆ ಬಂದ ಮೇಲೆ ಜಗಳೂರಿನ ಮೀನುಗಾರರ ಸಂಘಗಳಲ್ಲೂ ಆಸೆ ಚಿಗುರಿರುವುದು ಸಹಜ. ನೀರು ಬಂದರೆ ಮೀನೂ ಬಂದಂತೆಯೇ ಎಂಬ ಲೆಕ್ಕ ಮಾತ್ರ ಸರಿಯಲ್ಲ. ನೀರು ನಿಲ್ಲುವ ತಿಂಗಳುಗಳಿಗೂ ಮೀನು ಬೆಳೆಯಲು ಬೇಕಾದ ತಿಂಗಳುಗಳಿಗೂ ತಾಳೆಯಾಗಬೇಕಲ್ಲ.

ಮೊಟ್ಟೆಯ ಮಟ್ಟಿಗೆ ನಮ್ಮ ಕಷ್ಟ ಎಂದೋ ಬಗೆಹರಿದಿದೆ. ಗೆಂಡೆ ಜಾತಿಯ ಕಾಟ್ಲಾ, ರೋಹು, ಮೃಗಾಲ್ ಹರಿಯುವ ಹೊಳೆಯಲ್ಲಿ ಮೊಟ್ಟೆಯಿಡುವ ಮೀನುಗಳು, ನಿಂತ ನೀರಿನಲ್ಲಿ ತಾವಾಗಿ ಇಡುವುದಿಲ್ಲ. ಹಾಗಾಗಿ ಒಂದು ಕಾಲಕ್ಕೆ ಮರಿಗಾಗಿ ದೊಡ್ಡ ಹೊಳೆಗಳ ಪ್ರವಾಹಕ್ಕೇ ಬಲೆ ಒಡ್ಡಬೇಕಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್ ಪಟ್ಟಣದಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆ ಜಾತಿಯ ಮೀನಿನಿಂದ ಮೊಟ್ಟೆಯಿಡಿಸಿದ ಮೇಲೆ ಆ ಅವಲಂಬನೆ ಕಳಚಿತು. ಆ ದಿನವನ್ನೇ ಈಗ ಮೀನು ಕೃಷಿಕರ ದಿನವೆಂದು ಆಚರಿಸುವುದು. ಇಂದು ಒಂದು ಹ್ಯಾಚರಿ ಜೂನ್‌ನಿಂದ ಆಗಸ್ಟ್‌ವರೆಗೆ ಕೋಟಿಗಟ್ಟಲೆ ಮರಿ ಕೊಡಬಲ್ಲದು. ಆದರೆ ಹ್ಯಾಚರಿಯಿಂದ ಹೊರಬರುವ ಮೂರು ದಿನದ ಮರಿ, ಸಾಕಣೆದಾರರ ಬಾಯಲ್ಲಿ ‘ಸ್ಪಾನ್’, ಕಣ್ಣು ಎರಡು ಚುಕ್ಕಿ, ಮೈ ಒಂದು ಎಳೆ ಎಂಬಂಥದ್ದು. 1 ಲಕ್ಷ ಮರಿಯ ಒಟ್ಟು ತೂಕ ಹೆಚ್ಚೆಂದರೆ 140 ಗ್ರಾಂ. ಹುಟ್ಟುವಾಗ ಹೊಟ್ಟೆಗೆ ಅಂಟಿಸಿಕೊಂಡು ಬಂದ ಬುತ್ತಿ ಮೂರು ದಿನಕ್ಕೆ ಮುಗಿಯುತ್ತದೆ. ಆಮೇಲೆ ಹದಿನೈದು ದಿನದಲ್ಲಿ ಅದು ಒಂದು ಅಂಗುಲದ ‘ಫ್ರೈ’ ಆಗಬೇಕು. ಅಷ್ಟರಲ್ಲಿ ಅದರ ತೂಕ ನೂರು ಪಟ್ಟಿಗೂ ಮೀರಿ ಏರಿರುತ್ತದೆ. ಹುಟ್ಟುವಾಗ 25 ಕೆಜಿ ಇದ್ದ ಕರು ಅರ್ಧ ತಿಂಗಳಲ್ಲಿ ಆನೆಯ ತೂಕಕ್ಕೆ ಬಂದಂತೆ! ಮೀನು ತನ್ನ ಬಾಳಿನಲ್ಲಿ ಮತ್ತೆಂದೂ ಈ ವೇಗದಲ್ಲಿ ಬೆಳೆಯುವುದಿಲ್ಲ. ಈ ಹದಿನೈದು ದಿನದಲ್ಲಿ ಸಾಯುವಷ್ಟು ಮರಿಗಳು ಮುಂದೆ ಎಂದೂ ಸಾಯುವುದೂ ಇಲ್ಲ. ಚೆನ್ನಾಗಿ ನಡೆಸಿದ ಮಣ್ಣಿನ ನರ್ಸರಿ ಕೊಳದಲ್ಲೂ ನೂರಕ್ಕೆ 40–50 ಉಳಿದರೆ ಒಳ್ಳೆಯ ಫಲವೆಂದೇ ಲೆಕ್ಕ.

ಹಾಗಾದರೆ ಆ ಮರಿ ತಿನ್ನುವುದೇನು? ತೌಡು, ಹಿಂಡಿ ಎಂದು ತಟ್ಟನೆ ಉತ್ತರ ಬರುತ್ತದೆ. ಆದರೆ ಸಾಸಿವೆ ಕಾಳೂ ಹಿಡಿಸದ ಬಾಯಿ ಅದರದು. ಗೆಂಡೆ ಜಾತಿಯ ಮೀನುಗಳಿಗೆ ಜಠರವೆಂಬುದೇ ಇಲ್ಲ, ಇರುವುದು ಕರುಳು ಮಾತ್ರ. ಮರಿಯಲ್ಲಿ ಅದೂ ಗಿಡ್ಡ, ಒಣ ಮೇವನ್ನು ಅರಗಿಸುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಅದಕ್ಕೆ ಒಗ್ಗುವುದು ನೀರಿನಲ್ಲಿ ತೇಲಾಡುವ ಕಣ್ಣಿಗೆ ಕಾಣದ, ಕಂಡೂ ಕಾಣದ ಜೀವಿಗಳು: ಚಕ್ರಜೀವಿಗಳು, ನೀರುಚಿಗಟಗಳು, ಒಟ್ಟಾರೆ ಪ್ರಾಣಿ ಪ್ಲವಕ. ಒಣ ತೂಕದಲ್ಲಿ ಅರ್ಧದಷ್ಟು ಪ್ರೋಟೀನೇ ಇರುವ, ತಾನೇ ಅಲುಗಾಡಿ ಮರಿಯ ಕಣ್ಣಿಗೆ ಬೀಳುವ ಮೇವು ಅದು. ದೊಡ್ಡವಾದ ಮೇಲೆ ಕಾಟ್ಲಾ ಮೇಲ್ಪದರದಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತವೆಂದು ಎಲ್ಲ ಪುಸ್ತಕಗಳಲ್ಲೂ ಬರೆದಿರುತ್ತದೆ. ಅದು ನಿಜ, ಆದರೆ ಎಳೆತನದಲ್ಲಿ ಈ ಪಾಲುಪಟ್ಟಿ ಇನ್ನೂ ಆಗಿರುವುದಿಲ್ಲ, ಮೂರೂ ಒಂದೇ ಪ್ಲವಕಕ್ಕೆ ಬಾಯಿ ಹಾಕುತ್ತವೆ. ನರ್ಸರಿ ಕೊಳದಲ್ಲಿ ಒಂದೇ ಜಾತಿಯ ಮರಿ ಬಿಡಿ, ಬೆರೆಸಬೇಡಿ ಎಂದು ಹೇಳುವುದು ಈ ಕಾರಣಕ್ಕೆ. ಮೂರು ಜಾತಿ ಒಟ್ಟಿಗೆ ಬಿಟ್ಟರೆ ನೀರನ್ನು ಪೂರ್ತಿ ಬಳಸಿಕೊಂಡಂತಾಯಿತು ಎಂಬ ಜಾಣತನ ದೊಡ್ಡ ಕೊಳಕ್ಕೆ ಸರಿ, ತೊಟ್ಟಿಲಿಗೆ ಸಲ್ಲದು.

ಈ ಮೇವನ್ನು ಅಂಗಡಿಯಿಂದ ತರುವಂತಿಲ್ಲ, ಕೊಳದಲ್ಲೇ ಬೆಳೆಸಬೇಕು. 10 ಗುಂಟೆಯ, ಒಂದು ಒಂದೂವರೆ ಮೀಟರ್ ನೀರು ನಿಲ್ಲುವ ಮಣ್ಣಿನ ಕೊಳವನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕೋಣ. ಬೇಸಿಗೆಯಲ್ಲಿ ತಳ ಒಣಗಿಸಿ 20–25 ಕೆಜಿ ಸುಣ್ಣ ಎರಚಬೇಕು. ಒಣಗಿಸಲಾಗದೆ ಹಳೆಯ ನೀರು ಉಳಿದಿದ್ದರೆ ಅದರಲ್ಲಿ ಕೊರವ, ಚೇಳುಮೀನು, ಜಿಲೇಬಿ ಮೀನು ಅಡಗಿರುತ್ತವೆ. 250 ಕೆಜಿಯಷ್ಟು ಹಿಪ್ಪೆ ಹಿಂಡಿ ನೆನೆಸಿ ಹಾಕಿದರೆ ಅವು ಸಾಯುತ್ತವೆ, ಮೂರು ವಾರದಲ್ಲಿ ನಂಜು ಇಳಿದು ಹಿಂಡಿಯೇ ಗೊಬ್ಬರವಾಗುತ್ತದೆ. ಇಷ್ಟಾದ ಮೇಲೆ ನೀರಿಗೆ ಊಟ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಶಿಫಾರಸಿನಂತೆ ಹೆಕ್ಟೇರಿಗೆ 750 ಕೆಜಿ ಶೇಂಗಾ ಹಿಂಡಿ, 200 ಕೆಜಿ ಹಸಿ ಸಗಣಿ, 50 ಕೆಜಿ ಸೂಪರ್ ಫಾಸ್ಫೇಟ್. ನಮ್ಮ 10 ಗುಂಟೆಗೆ 75, 20, 5, ಒಟ್ಟು ಸರಿಯಾಗಿ 100 ಕೆಜಿ. ನೆನೆಸಿ ಗಂಜಿಯಂತೆ ಕದಡಿದ ಈ ಮಿಶ್ರಣದ ಅರ್ಧವನ್ನು ಮರಿ ಬಿಡುವ ಎರಡು ಮೂರು ದಿನ ಮೊದಲು, ಉಳಿದದ್ದನ್ನು ಆಮೇಲೆ ಕಂತಿನಲ್ಲಿ ಕೊಡಬೇಕು. ಇನ್ನು ಮರಿಯ ಊಟ: 1 ಲಕ್ಷ ಸ್ಪಾನ್‌ಗೆ ಮೊದಲ ಐದು ದಿನ ದಿನಕ್ಕೆ 600 ಗ್ರಾಂ, ಮುಂದಿನ ಹತ್ತು ದಿನ ದಿನಕ್ಕೆ 1,200 ಗ್ರಾಂ, ಜರಡಿ ಹಿಡಿದ ಅಕ್ಕಿ ತೌಡು ಮತ್ತು ಶೇಂಗಾ ಹಿಂಡಿಯ ಪುಡಿ ಸಮ ಪಾಲಿನಲ್ಲಿ. ಕೂಡಿಸಿದರೆ ಲಕ್ಷಕ್ಕೆ 15 ಕೆಜಿ. 10 ಗುಂಟೆಗೆ 3 ಲಕ್ಷ ಬಿಟ್ಟರೆ 45 ಕೆಜಿ. ಅಂದರೆ ಶಾಸ್ತ್ರೀಯ ಶಿಫಾರಸೇ ಮರಿಗೆ 45 ಕೆಜಿ, ನೀರಿಗೆ 100 ಕೆಜಿ ಎನ್ನುತ್ತಿದೆ. ಇನ್ನೂ ಒಂದು ಸೂಕ್ಷ್ಮ ಇಲ್ಲಿದೆ. 140 ಗ್ರಾಂ ತೂಗುವ ಮರಿಗಳಿಗೆ ಮೊದಲ ದಿನವೇ 600 ಗ್ರಾಂ ಮೇವೆಂದರೆ ಮೈತೂಕದ ನಾಲ್ಕು ಪಟ್ಟು. ಯಾವ ಮರಿಯೂ ಅಷ್ಟನ್ನು ತಿನ್ನಲಾರದು. ಮಿಕ್ಕದ್ದು ಕರಗಿ ಬ್ಯಾಕ್ಟೀರಿಯಾಕ್ಕೆ, ಬ್ಯಾಕ್ಟೀರಿಯಾ ಪ್ಲವಕಕ್ಕೆ, ಪ್ಲವಕ ಮತ್ತೆ ಮರಿಗೆ. ಮರಿಯ ಹೆಸರಿನಲ್ಲಿ ಹಾಕಿದ ಮೇವಿನಲ್ಲೂ ದೊಡ್ಡ ಪಾಲು ನೀರಿನ ಹೊಟ್ಟೆಗೇ ಹೋಗುತ್ತದೆ.

ನೀರು ಸಾಕಷ್ಟು ಉಂಡಿದೆಯೋ ಇಲ್ಲವೋ ತಿಳಿಯಲು ದೊಡ್ಡ ಉಪಕರಣ ಬೇಡ. ತೆಳುವಾದ ಬಲೆಬಟ್ಟೆಯಲ್ಲಿ 50 ಲೀಟರ್ ನೀರು ಸೋಸಿ, ತಳದಲ್ಲಿ ನಿಂತ ಪ್ಲವಕ 1–2 ಮಿಲಿ ಇದ್ದರೆ ಸಾಕು. ಅದೂ ಇಲ್ಲವೆಂದರೆ ಮೊಣಕೈವರೆಗೆ ತೋಳು ಮುಳುಗಿಸಿ ಅಂಗೈ ನೋಡುವುದು. ಕಂಡೂ ಕಾಣದಂತಿದ್ದರೆ ಹದ. ಸ್ಪಷ್ಟವಾಗಿ ಕಂಡರೆ ನೀರು ಹಸಿದಿದೆ, ಮಣಿಕಟ್ಟಿಗೇ ಮರೆಯಾದರೆ ಅಜೀರ್ಣ. ಗೊಬ್ಬರ ಬಿದ್ದ ನೀರಿನಲ್ಲಿ ಪ್ಲವಕದ ಜೊತೆ ಬೆನ್ನೀಜು ಕೀಟಗಳೂ ಹೆಚ್ಚುತ್ತವೆ, ಅವು ಎಳೆಮರಿಯನ್ನು ಹಿಡಿದು ಹೀರುತ್ತವೆ. ಮರಿ ಬಿಡುವ ಹಿಂದಿನ ದಿನ ಸಾಬೂನು ಮತ್ತು ಅಗ್ಗದ ಎಣ್ಣೆ ಕದಡಿ ಮೇಲೆ ಹರಡಿದರೆ, ಉಸಿರಿಗೆ ಮೇಲೆ ಬರುವ ಕೀಟಕ್ಕೆ ಎಣ್ಣೆಯ ಪೊರೆ ಅಡ್ಡವಾಗಿ ಅದು ಸಾಯುತ್ತದೆ. ಇಷ್ಟು ಸರಳವಾದದ್ದನ್ನು ಬಿಟ್ಟು ‘ಮರಿ ಎಲ್ಲಿ ಹೋದವೋ ಗೊತ್ತಾಗಲಿಲ್ಲ’ ಎಂದು ಹಲುಬುವುದು ನಮ್ಮಲ್ಲಿ ಹೆಚ್ಚು.

ಇಷ್ಟೆಲ್ಲ ಏಕೆ, ಒಳ್ಳೆಯ ಕಂಪನಿ ಮೇವು ಸಿಗುತ್ತದಲ್ಲ, ಅದನ್ನೇ ಹೆಚ್ಚು ಹಾಕಿದರಾಯಿತು ಎಂಬುದು ಮೊದಲ ಆಕ್ಷೇಪ. ಇದರಲ್ಲಿ ಅರ್ಧ ಸತ್ಯವಿದೆ. ಮರಿ ಒಂದು ಅಂಗುಲ ದಾಟಿ ಪಾಲನಾ ಕೊಳಕ್ಕೆ ಹೋದ ಮೇಲೆ ನೀರಿನ ಮೇವೊಂದೇ ಸಾಲದು. ಆಗ ತೇಲುವ ಗುಳಿಗೆಯ ಅನುಕೂಲ ದೊಡ್ಡದು. ತಿಂದದ್ದೆಷ್ಟು ಉಳಿದದ್ದೆಷ್ಟು ಕಣ್ಣಿಗೆ ಕಾಣುತ್ತದೆ, ಖನಿಜ ವಿಟಮಿನ್ನುಗಳೂ ಅದರಲ್ಲಿ ಸೇರಿರುತ್ತವೆ. ಆದರೆ ‘ಹೆಚ್ಚು ಹಾಕಿದರಾಯಿತು’ ಎಂಬ ಇನ್ನರ್ಧ ಅಪಾಯದ್ದು. ತಿನ್ನದೆ ಉಳಿದ ಮೇವು ಕೊಳೆಯುವಾಗ ಆಮ್ಲಜನಕ ತಿನ್ನುತ್ತದೆ, ಅಮೋನಿಯಾ ಬಿಡುತ್ತದೆ. ಹಗಲು ಹಸಿರು ನೀರು ಬಿಸಿಲಿನಲ್ಲಿ ಆಮ್ಲಜನಕ ಉಂಟುಮಾಡುತ್ತದೆ. ರಾತ್ರಿ ಅದೇ ಹಸಿರು, ಅದೇ ಪ್ಲವಕ, ಅದೇ ಮರಿ, ಅದೇ ಕೊಳೆತ ಮೇವು ಎಲ್ಲ ಸೇರಿ ಅದನ್ನು ಖಾಲಿ ಮಾಡುತ್ತವೆ. ಲೀಟರಿಗೆ 5 ಮಿಲಿಗ್ರಾಂ ಇರಬೇಕಾದದ್ದು ಕೋಳಿ ಕೂಗುವ ಹೊತ್ತಿಗೆ ತಳ ಮುಟ್ಟಿರುತ್ತದೆ. ಮೋಡ ಮುಸುಕಿದ ಎರಡು ದಿನದ ಮರುಬೆಳಗ್ಗೆ ಮರಿಗಳು ಮೇಲೆ ಬಂದು ಬಾಯಿ ಬಿಡುವುದನ್ನು ಕಂಡು ಹಸಿವೆಂದು ತಿಳಿದು ಮತ್ತೆ ಮೇವು ಎರಚುವವರಿದ್ದಾರೆ. ಅದು ಹಸಿವಲ್ಲ, ಉಸಿರುಗಟ್ಟಿದ ಸಂಕಟ. ಆಗ ಮಾಡಬೇಕಾದದ್ದು ಮೇವು ನಿಲ್ಲಿಸಿ ಹೊಸ ನೀರು ಹಾಯಿಸುವುದು, ಪಂಪಿನಿಂದ ನೀರನ್ನು ಮೇಲೆತ್ತಿ ಅದೇ ಕೊಳಕ್ಕೆ ಧುಮುಕಿಸುವುದು. ಚಳಿಗೂ ಹೀಗೇ ಲೆಕ್ಕವಿದೆ. ಮೀನಿನ ಮೈ ನೀರಿನಷ್ಟೇ ಬಿಸಿ. 25ರಿಂದ 32 ಡಿಗ್ರಿಯಲ್ಲಿ ಚುರುಕಾಗಿ ತಿನ್ನುವ ಮರಿ ಡಿಸೆಂಬರಿನ ಕೊರೆಯುವ ರಾತ್ರಿಗಳಾದ ಮೇಲೆ ತಿನ್ನುವುದನ್ನೇ ಮರೆಯುತ್ತದೆ. ಆಗಲೂ ಅದೇ ಅಳತೆಯಲ್ಲಿ ಸುರಿದ ಮೇವು ಕೊಳದ ತಳದ ರಾಡಿಯಾಗುತ್ತದೆ.

ಪಾಲನಾ ಕೊಳದ ಮಾತು ಬಂತು. ಒಂದು ಅಂಗುಲದ ಮರಿಯನ್ನು ಹೆಕ್ಟೇರಿಗೆ 2–3 ಲಕ್ಷದಂತೆ ಬಿಟ್ಟು ಎರಡು ಮೂರು ತಿಂಗಳು ಬೆಳೆಸಿದರೆ ನಾಲ್ಕು ಅಂಗುಲದ ಬೆರಳುದ್ದದ ಮರಿ ಸಿಗುತ್ತದೆ, ನೂರಕ್ಕೆ 60–70 ಉಳಿಯುತ್ತವೆ. ಇಲ್ಲಿ ಜಾತಿ ಬೆರೆಸಬಹುದು. ಮೇವು ಮೊದಲು ಒಟ್ಟು ಮೈತೂಕದ ನೂರಕ್ಕೆ 8–10, ಬೆಳೆದಂತೆ ಇಳಿಸುತ್ತ 6ರವರೆಗೆ. ಇಳಿಸಬೇಕಾದರೆ ತೂಕ ಗೊತ್ತಿರಬೇಕು, ಅದಕ್ಕೆ ಹದಿನೈದು ದಿನಕ್ಕೊಮ್ಮೆ ಬಲೆ ಬೀಸಿ ನೂರು ಮರಿ ತೂಗಿ ನೋಡಬೇಕು. ನಮ್ಮ ಹೊಂಡಗಳಲ್ಲಿ ನಡೆಯದ ಕೆಲಸ ಇದೊಂದೇ. ಹಾಲು ಅಳೆಯುವ ನಾವು ಮೀನು ತೂಗುವುದು ಮಾರುವ ದಿನ ಮಾತ್ರ. ಮೇವಿಗೆ ಜಿಲ್ಲೆಯಲ್ಲಿ ಕೊರತೆಯಿಲ್ಲ. ಭತ್ತದ ನಾಡಾದ್ದರಿಂದ ಅಕ್ಕಿ ಗಿರಣಿಗಳ ತೌಡು ಉಂಟು, ಮೆಕ್ಕೆಜೋಳಕ್ಕಂತೂ ದಾವಣಗೆರೆ ಹೆಸರಾಂತದ್ದು, ಜಗಳೂರಿನ ಕಡೆ ಶೇಂಗಾ ಬೆಳೆಯುತ್ತದೆ. ಕೈಗೆ ಅಗ್ಗವಾಗಿ ಸಿಗುತ್ತದೆಂದು ಮೆಕ್ಕೆಜೋಳದ ನುಚ್ಚನ್ನೇ ಎಳೆಮರಿಗೆ ಹಾಕುವುದು ಮಾತ್ರ ತಪ್ಪು. ಅದರಲ್ಲಿ ಪ್ರೋಟೀನು ನೂರಕ್ಕೆ 9ರ ಆಸುಪಾಸು, ತೌಡಿನಲ್ಲಿ 12ರಷ್ಟು, ಮರಿಗೆ ಬೇಕಾದದ್ದು 30ಕ್ಕೂ ಮೇಲೆ. ಆ ಅಂತರ ತುಂಬುವುದು 40 ದಾಟುವ ಶೇಂಗಾ ಹಿಂಡಿ. ಹಿಂಡಿ ದುಬಾರಿ ಎಂದು ಪಾಲು ಕಡಿಮೆ ಮಾಡುವವರು ಉಳಿಸುವುದು ಒಂದು ರೂಪಾಯಿ, ಕಳೆಯುವುದು ಒಂದು ತಿಂಗಳು. ಹಾಕುವ ರೀತಿಗೂ ಬೆಲೆಯಿದೆ. ಕೊಲ್ಲೇರು ಸರೋವರದ ಸುತ್ತಿನ ಆಂಧ್ರದ ಸಾಕಣೆದಾರರು ತೂತು ಮಾಡಿದ ಚೀಲದಲ್ಲಿ ಮೇವು ತುಂಬಿ ಗಳುಗಳಿಗೆ ಕಟ್ಟಿ ನೀರಿನಲ್ಲಿ ತೂಗುಬಿಡುತ್ತಾರೆ, ಮೀನು ತೂತಿನಿಂದ ಎಳೆದು ತಿನ್ನುತ್ತದೆ, ನೆಲಕ್ಕೆ ಬಿದ್ದು ಹಾಳಾಗುವುದು ಕಡಿಮೆ. ಬೆರಳುದ್ದ ಸಮೀಪಿಸಿದ ಮರಿಗೆ ನಮ್ಮಲ್ಲೂ ಇದು ನಡೆಯುತ್ತದೆ.

2014ರಿಂದ ಕೃಷಿಭಾಗ್ಯ ಯೋಜನೆಯಲ್ಲಿ ತೋಡಿದ ಹೊಂಡಗಳಿವೆಯಲ್ಲ, ಅವುಗಳಲ್ಲೇ ಮರಿ ಬೆಳೆಸಬಾರದೇಕೆ ಎಂದು ಕೇಳುವವರುಂಟು. ಬೆಳೆಸಬಾರದೆಂದಿಲ್ಲ. ಆದರೆ ಆ ಹೊಂಡಗಳ ತಳಕ್ಕೆ ಪ್ಲಾಸ್ಟಿಕ್ ಹಾಸಿರುತ್ತದೆ, ನೀರು ಇಂಗಬಾರದೆಂಬುದೇ ಅದರ ಉದ್ದೇಶ. ಮಣ್ಣಿನ ತಳ ಕೊಳದ ಉಗ್ರಾಣವಿದ್ದಂತೆ. ಹಾಕಿದ ಗೊಬ್ಬರವನ್ನು ಹಿಡಿದಿಟ್ಟು ಸ್ವಲ್ಪ ಸ್ವಲ್ಪವಾಗಿ ನೀರಿಗೆ ಬಿಡುತ್ತದೆ, ಸುಣ್ಣದ ಜೊತೆ ಸೇರಿ ನೀರಿನ ಹುಳಿ ಕ್ಷಾರಗಳ ಏರುಪೇರು ತಡೆಯುತ್ತದೆ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ಕೆದಕಿ ತಿನ್ನುವ ಕೆಂಪು ಹುಳುಗಳಿಗೆ ಮನೆಯಾಗುತ್ತದೆ. ಪ್ಲಾಸ್ಟಿಕ್ಕಿನ ಮೇಲೆ ಇದಾವುದೂ ಇಲ್ಲ. ಅಲ್ಲಿ ನೀರು ಇವತ್ತು ಹಸಿರು, ನಾಳೆ ತಿಳಿ. ತಳಕ್ಕೆ ಅರ್ಧ ಅಡಿ ಮಣ್ಣು ಹರಡಿ ಬೆರಳುದ್ದದ ಮರಿಯನ್ನೇ ಬಿಟ್ಟು ಮೇವು ಕೊಟ್ಟು ದೊಡ್ಡದು ಮಾಡಲು ಆ ಹೊಂಡ ಸರಿ, ಮೂರು ದಿನದ ಮರಿಗೆ ತೊಟ್ಟಿಲಾಗಲು ಅದು ಒಗ್ಗದು.

ಇನ್ನು ಗಟ್ಟಿಯಾದ ಆಕ್ಷೇಪ ನೆಲದ್ದು. ಚನ್ನಗಿರಿಯಲ್ಲಿ ಗುಂಟೆ ಗುಂಟೆಗೂ ಅಡಿಕೆ ಏರುತ್ತಿರುವಾಗ ಮೀನುಮರಿಗೆ ನೆಲ ಬಿಡುವವರಾರು? ಇದನ್ನು ತಳ್ಳಿಹಾಕಲಾಗದು. ಆದರೆ ಲೆಕ್ಕ ಕೊಂಚ ಬೇರೆ. ನರ್ಸರಿಯ ಒಂದು ಬೆಳೆ ಮುಗಿಯುವುದು ಹದಿನೈದು ಇಪ್ಪತ್ತು ದಿನಕ್ಕೆ, ಒಂದು ಮುಂಗಾರಿನಲ್ಲಿ ಅದೇ 10 ಗುಂಟೆಯಲ್ಲಿ ಮೂರು ಬೆಳೆ ತೆಗೆಯಬಹುದು. 3 ಲಕ್ಷ ಸ್ಪಾನ್‌ನಿಂದ 1.2 ಲಕ್ಷ ಫ್ರೈ ಬಂದರೆ, ಒಂದು ಒಂದೂವರೆ ಎಕರೆ ಪಾಲನಾ ಕೊಳದಲ್ಲಿ ಅವೇ 75,000ದಷ್ಟು ಬೆರಳುದ್ದದ ಮರಿಯಾಗುತ್ತವೆ. ಹೆಕ್ಟೇರಿಗೆ 2,000 ಬಿಟ್ಟರೂ 35 ಹೆಕ್ಟೇರಿಗೂ ಹೆಚ್ಚಿನ ಕೆರೆಗೆ ಅದು ಸಾಕು. ತಾಲೂಕಿನ ಹಲವು ಸಣ್ಣ ಕೆರೆಗಳಿಗೆ ಇಂಥ ಕೊಳಗಳು ಬೆರಳೆಣಿಕೆಯಷ್ಟಿದ್ದರೆ ಆಯಿತು. ನೆಲವೂ ತೋಟದ ನೆಲವೇ ಆಗಬೇಕಿಲ್ಲ. ಭದ್ರಾ ಅಚ್ಚುಕಟ್ಟಿನಲ್ಲಿ ನಾಲೆಯ ಬಸಿ ನೀರಿನಿಂದ ಜೌಗಾಗಿ ಭತ್ತವೂ ಬಾರದ, ಅಡಿಕೆಯೂ ನಿಲ್ಲದ ತಗ್ಗುಗಳಿವೆ, ಕೊಳಕ್ಕೆ ಅವೇ ಹೇಳಿ ಮಾಡಿಸಿದಂಥವು. ಎಚ್ಚರವಿರಬೇಕಾದದ್ದು ಎರಡು ಕಡೆ. ಗದ್ದೆಯಿಂದ ಇಳಿದು ಬರುವ ನೀರನ್ನು ಕೊಳಕ್ಕೆ ಬಿಡಬಾರದು, ಭತ್ತಕ್ಕೆ ಹೊಡೆದ ಕೀಟನಾಶಕದ ಸೋಂಕೇ ಎಳೆಮರಿಗೆ ಸಾಕು. ಹಾಗೆಯೇ ಅಡಿಕೆ ಬೇಯಿಸಿದ ಚೊಗರು ನೀರು. ಕೊಯ್ಲಿನ ಕಾಲದಲ್ಲಿ ಅದನ್ನು ಕಂಡಕಂಡ ಹಳ್ಳಕ್ಕೆ ಚೆಲ್ಲುವ ಊರುಗಳಲ್ಲಿ ಹಳ್ಳದ ನೀರಿಗೆ ಮರಿ ಬಿಡುವುದು ಜೂಜು. ನಾಲೆಯಲ್ಲಿ ನೀರು ನಿಲ್ಲುವ ತಿಂಗಳುಗಳ ಪ್ರಶ್ನೆಯೂ ಇದೆ. ಭದ್ರಾ ಜಲಾಶಯ 186 ಅಡಿ ಮುಟ್ಟದ ವರ್ಷ, 2023ರಲ್ಲಿ ಆದಂತೆ, ಬೇಸಿಗೆ ಬೆಳೆಗೇ ನೀರಿನ ಭರವಸೆಯಿರುವುದಿಲ್ಲ. ಮರಿ ಪಾಲನೆಯ ಕಾಲ ಮಾತ್ರ ಜುಲೈನಿಂದ ಅಕ್ಟೋಬರ್. ಮುಂಗಾರಿಗೆ ನಾಲೆ ಹರಿಯುವ ಕಾಲವೂ ಅದೇ. ಬೇಸಿಗೆಯ ಕೊರತೆ ಮರಿಯ ಬೆಳೆಯನ್ನು ಮುಟ್ಟುವುದಿಲ್ಲ.

ಜಗಳೂರಿಗೆ ಬರೋಣ. ಅಲ್ಲಿನ ಕೆರೆಗೆ ಅಕ್ಟೋಬರಿನಲ್ಲಿ ಒಂದು ಅಂಗುಲದ ಮರಿ ಬಿಟ್ಟರೆ ಮೊದಲ ಎರಡು ತಿಂಗಳು ಬೆರಳುದ್ದವಾಗುವುದಕ್ಕೇ ಹೋಗುತ್ತದೆ, ಆಮೇಲೆ ಚಳಿ, ಚಳಿ ಮುಗಿದು ಮೀನು ತಿನ್ನತೊಡಗುವ ಹೊತ್ತಿಗೆ ಕೆರೆ ಇಳಿಯತೊಡಗುತ್ತದೆ. ಹೊನ್ನಾಳಿ, ಚನ್ನಗಿರಿ, ನ್ಯಾಮತಿಯಲ್ಲಿ ಜುಲೈಗೆ ಕೊಳಕ್ಕೆ ಬಿದ್ದ ಮರಿ ಅಕ್ಟೋಬರಿಗೆ ಬೆರಳುದ್ದವಾಗಿ ಜಗಳೂರಿನ ಕೆರೆಗೆ ಇಳಿದರೆ ಆ ಎರಡು ತಿಂಗಳು ಉಳಿದಂತೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಆಂಧ್ರದ ಸಾಕಣೆದಾರರು ಮರಿಗಳನ್ನು ಚಿಕ್ಕ ಕೊಳದಲ್ಲಿ ದಟ್ಟವಾಗಿ ತುಂಬಿ, ಅರೆಹೊಟ್ಟೆಯಲ್ಲಿ ವರ್ಷ ಕಾಲ ಇಟ್ಟು, 100 ಗ್ರಾಂ ದಾಟಿದ ಕುಂಠಿತ ಮರಿಯನ್ನೇ ದೊಡ್ಡ ಕೊಳಕ್ಕೆ ಬಿಡುತ್ತಾರೆ. ಕೇಳಿದವರಿಗೆ ಇದು ಕ್ರೌರ್ಯವೆನಿಸುತ್ತದೆ, ಎಳವೆಯಲ್ಲಿ ಹಸಿದದ್ದು ಮುಂದೆ ಬೆಳೆದೀತೇ ಎಂಬ ಅನುಮಾನವೂ ಸಹಜ. ದನಕರುವಿನಲ್ಲಿ ಕಂಡದ್ದನ್ನು ಮೀನಿಗೆ ಹೊಂದಿಸುವುದರಿಂದ ಬರುವ ಅನುಮಾನ ಅದು. ಎಲುಬು ಬಲಿತ ಮೇಲೆ ದನದ ಬೆಳವಣಿಗೆ ನಿಲ್ಲುತ್ತದೆ, ಮೀನಿಗೆ ಅಂಥ ಗೆರೆಯಿಲ್ಲ. ಇಕ್ಕಟ್ಟು ತಪ್ಪಿ ಮೇವು ಸಿಕ್ಕ ಕೂಡಲೇ ಕುಂಠಿತ ಮೀನು ಹಿಂದಿನ ಬಾಕಿಯನ್ನೂ ಸೇರಿಸಿ ತೀರಿಸುವಂತೆ ಬೆಳೆಯುತ್ತದೆ. ಷರತ್ತುಗಳು ಎರಡು. ಅರೆಹೊಟ್ಟೆ ಎಂದರೆ ಉಪವಾಸವಲ್ಲ, ಮೈ ಉಳಿಸಿಕೊಳ್ಳುವಷ್ಟು, ನೂರಕ್ಕೆ ಒಂದೆರಡರಷ್ಟು ಮೇವು ನಿತ್ಯ ಬೇಕು. ಸಾಮಾನ್ಯ ಗೆಂಡೆಗೆ ಈ ಉಪಾಯ ಸಲ್ಲದು, ಅದು ವರ್ಷ ತುಂಬುವುದರೊಳಗೆ ಬಲಿತು ನಿಂತ ನೀರಿನಲ್ಲೇ ಮೊಟ್ಟೆಯಿಟ್ಟು ಕೊಳವನ್ನೇ ಮರಿಗಳಿಂದ ತುಂಬಿಬಿಡುತ್ತದೆ. ಕಾಟ್ಲಾ, ರೋಹು, ಮೃಗಾಲ್‌ಗೆ ಆ ಭಯವಿಲ್ಲ. ಬೇಸಿಗೆಯಲ್ಲೂ ಒರತೆ ಬತ್ತದ ಹೊನ್ನಾಳಿಯ ಹೊಳೆದಂಡೆಯ ಕೊಳಗಳು ಇದಕ್ಕೆ ಒದಗಬಲ್ಲವು. ಆರು ತಿಂಗಳು ನೀರು ನಿಲ್ಲುವ ಕೆರೆಗೆ 100 ಗ್ರಾಂ ಮೀನು ಬಿಡುವುದಕ್ಕೂ ಒಂದು ಗ್ರಾಂ ತೂಗದ ಮರಿ ಬಿಡುವುದಕ್ಕೂ ಇರುವ ವ್ಯತ್ಯಾಸ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ತಳಿ ಚೆನ್ನಾಗಿದ್ದರೆ ಇಷ್ಟೆಲ್ಲ ರಗಳೆ ಬೇಕಿಲ್ಲ, ಜಯಂತಿ ರೋಹು ತಂದರಾಯಿತು ಎನ್ನುವವರೂ ಇದ್ದಾರೆ. ನಾರ್ವೆಯ ಸಹಕಾರದಲ್ಲಿ 1992ರಲ್ಲಿ ಭುವನೇಶ್ವರದ ಸಂಸ್ಥೆ ಕೈಗೆತ್ತಿಕೊಂಡ ಆ ಆಯ್ಕೆ ತಳಿ ಕೆಲಸ ದೊಡ್ಡದೇ, ಪ್ರತಿ ಪೀಳಿಗೆಗೆ ಸರಾಸರಿ ನೂರಕ್ಕೆ 17ರಷ್ಟು ಬೆಳವಣಿಗೆಯ ಲಾಭ ತಂದುಕೊಟ್ಟದ್ದು ಅದು. ತಳಿ ತರುವುದು ಬೇಡವೆಂದಲ್ಲ. ಆದರೆ ಪ್ಲವಕವಿಲ್ಲದ ನೀರಿಗೆ ಬಿದ್ದ ಜಯಂತಿಯೂ ನಾಟಿ ರೋಹುವಿನಂತೆಯೇ ಹಸಿವಿನಿಂದ ಸಾಯುತ್ತದೆ. ನೂರಕ್ಕೆ 17ರ ಲಾಭ ಎಣಿಸುವ ಮೊದಲು ಎಳವೆಯಲ್ಲಿ ಸಾಯುವ ಮರಿಗಳ ನಷ್ಟ ತಗ್ಗಿಸುವುದು ಅಗ್ಗದ ದಾರಿ. ಮೀನುಗಾರಿಕೆ ಇಲಾಖೆಯೇ ಮರಿ ಕೊಡುವಾಗ ರೈತ ಏಕೆ ಬೆಳೆಸಬೇಕು ಎಂಬ ಮಾತಿಗೂ ಉತ್ತರ ಇಲ್ಲೇ ಇದೆ. ಭದ್ರಾ ಪ್ರಾಜೆಕ್ಟಿನಂಥ ಕಡೆ ಸರ್ಕಾರದ ಮರಿ ಕೇಂದ್ರಗಳಿವೆ, ಮೊಟ್ಟೆಯೊಡೆಸುವ ಕೆಲಸ ಅಲ್ಲೇ ಆಗಲಿ. ಬೆರಳುದ್ದ ಬೆಳೆಸುವ ಕೆಲಸಕ್ಕೆ ಬೇಕಾದದ್ದು ಹರಡಿಕೊಂಡ ಕೊಳ, ದಿನಕ್ಕೆರಡು ಸಲ ನೀರಿಗೆ ತೋಳು ಮುಳುಗಿಸಿ ನೋಡುವ ಮನುಷ್ಯ. ಅದು ದೂರದ ಕೇಂದ್ರಕ್ಕೆ ಆಗದು, ಕೊಳದ ಪಕ್ಕದ ಮನೆಗೆ ಆದೀತು. ಸಂಘಗಳು ಮರಿ ಕೊಳ್ಳುವಾಗ ಸಾವಿರಕ್ಕಿಷ್ಟು ಎಂದು ಚೌಕಾಶಿ ಮಾಡುವ ಬದಲು ಅಂಗುಲಕ್ಕಿಷ್ಟು ಎಂದು ಕೇಳತೊಡಗಿದರೆ, ಬೆಳೆಸುವವರು ತಾವಾಗಿ ಹುಟ್ಟಿಕೊಳ್ಳುತ್ತಾರೆ. ಈಗ ಕೇಳುವವರಿಲ್ಲದ್ದರಿಂದ ಬೆಳೆಸುವವರಿಲ್ಲ.

ಸಾಗಣೆಯ ಚಿಂತೆಯೊಂದು ಉಳಿಯಿತು. ಹೊನ್ನಾಳಿಯಿಂದ ಜಗಳೂರಿಗೆ ಒಯ್ಯುವಾಗ ಬೆರಳುದ್ದದ ಮರಿ ಸತ್ತರೆ ಮೂರು ತಿಂಗಳ ಮೇವು ನೀರುಪಾಲು. ದಾರಿ ದೂರವೇನಲ್ಲ, ಕೊಲ್ಲುವುದು ಮರಿಯ ಹೊಟ್ಟೆಯಲ್ಲಿರುವ ಮೇವು. ಉಂಡ ಮರಿ ಚೀಲದ ನೀರಿನಲ್ಲೇ ಹೇತು ಅದನ್ನು ಕೆಡಿಸುತ್ತದೆ. ಅದಕ್ಕೇ ಹೊರಡುವ ಹಿಂದಿನ ದಿನ ಮರಿಗಳನ್ನು ಬಲೆಬಟ್ಟೆಯ ತೊಟ್ಟಿಲಿಗೆ ಎತ್ತಿ, ಹರಿಯುವ ಅಥವಾ ತಿಳಿ ನೀರಿನಲ್ಲಿಟ್ಟು, ಒಂದು ಹೊತ್ತೂ ಉಣಿಸದೆ ಹೊಟ್ಟೆ ಖಾಲಿ ಮಾಡಿಸಬೇಕು. ಚೀಲದಲ್ಲಿ ಒಂದು ಪಾಲು ನೀರು, ಎರಡು ಪಾಲು ಆಮ್ಲಜನಕ. ಬಿಸಿಲೇರುವ ಮೊದಲು ಹೊರಟು ಕೆರೆ ಮುಟ್ಟಿದ ಮೇಲೆ ಚೀಲವನ್ನು ಹಾಗೆಯೇ ನೀರಿನ ಮೇಲೆ ತೇಲಬಿಟ್ಟು ಕಾಲು ಗಂಟೆ ಕಾಯಬೇಕು. ಆಮೇಲೆ ಬಾಯಿ ಬಿಚ್ಚಿ ಕೆರೆಯ ನೀರನ್ನು ಬೊಗಸೆ ಬೊಗಸೆಯಾಗಿ ಒಳಗೆ ಸೇರಿಸಬೇಕು. ಚೀಲವನ್ನು ಓರೆ ಮಾಡಿದರೆ ಮರಿಗಳು ತಾವೇ ಈಜಿ ಹೊರಗೆ ಹೋಗುತ್ತವೆ, ಫೋಟೋಗೆಂದು ಎತ್ತರದಿಂದ ಸುರಿಯುವ ಅಗತ್ಯವಿಲ್ಲ.